ಉಳುವವನೇ ರೈತ, ಸರಿ. ಚಿಟ್ಟಾ ಯಾರ ಹೆಸರಲ್ಲಿದೆ?

ಹೊಸೂರು/ತಾಳವಾಡಿ: ತಮಿಳಿನ ‘ಉಳವರ್’ ಎಂಬ ಮಾತು ನಮ್ಮವರಿಗೆ ಹೊಸದಲ್ಲ. ಕನ್ನಡದ ‘ಉಳುವವರು’ ಎಂಬುದೇ ಅದು. ಹಾಗಾಗಿ ತಮಿಳುನಾಡು ಸರ್ಕಾರದ ‘ಉಳವರ್ ಸಂದೈ’ಯನ್ನು ಗಡಿಯ ಕನ್ನಡಿಗರು ಉಳವರ್ ಸಂತೆ ಎಂದೋ, ರೈತರ ಸಂತೆ ಎಂದೋ ಕರೆದುಕೊಂಡು ಬಂದಿದ್ದಾರೆ. ಹೆಸರು ಹೇಳುವುದು ಇಷ್ಟೇ: ಉಳುವವರು ಬೆಳೆದದ್ದನ್ನು ತಾವೇ ತಂದು ತಾವೇ ಮಾರುವ ಜಾಗ. ನಡುವೆ ದಲ್ಲಾಳಿ ಇಲ್ಲ, ಕಮಿಷನ್ ಇಲ್ಲ, ಅಂಗಡಿ ಬಾಡಿಗೆಯೂ ಇಲ್ಲ.

ಆದರೆ ಅಲ್ಲಿ ಮಂಕರಿ ಇಳಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ನೀವು ರೈತರು ಎನ್ನುವುದಕ್ಕೆ ಏನು ಗುರುತು? ಕೈಯಲ್ಲಿನ ಮಣ್ಣು, ಮಂಕರಿಯಲ್ಲಿನ ಟೊಮ್ಯಾಟೊ ಅದಕ್ಕೆ ಸಾಕ್ಷಿಯಾಗುವುದಿಲ್ಲ. ಭಾವಚಿತ್ರವಿರುವ ಗುರುತಿನ ಚೀಟಿ ಬೇಕು. ಆ ಚೀಟಿ ಸಿಗಬೇಕಾದರೆ ಜಮೀನಿನ ಚಿಟ್ಟಾ ಬೇಕು. ಚಿಟ್ಟಾ ಮಾತ್ರ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದೆ! ಗಡಿಯ ಎಷ್ಟೋ ಕನ್ನಡ ಮನೆಗಳ ಕಥೆ ಇದು.

ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ತಪಾಸಣೆ ಇಲ್ಲದಿದ್ದರೆ ರೈತರ ಸಂತೆ ನಾಲ್ಕೇ ದಿನದಲ್ಲಿ ವ್ಯಾಪಾರಿಗಳ ಸಂತೆಯಾಗುತ್ತದೆ. ಹಾಗಾಗಿ ತಪಾಸಣೆ ಬೇಕು, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಅಳತೆಗೋಲಿನ ಬಗ್ಗೆ. ಸಂತೆಯ ಹೆಸರಿನಲ್ಲಿ ಇರುವುದು ‘ಉಳುವವರು’. ಬಾಗಿಲಲ್ಲಿ ನೋಡುವುದು ಜಮೀನು ‘ಹೆಸರಿನಲ್ಲಿ ಇರುವವರು’. ಈ ಎರಡರ ನಡುವೆ ಸಿಕ್ಕಿಕೊಂಡವರಲ್ಲಿ ಹೆಣ್ಣುಮಕ್ಕಳು, ಗುತ್ತಿಗೆಗೆ ಉಳುವವರು ಮತ್ತು ಪಾಲಾಗದ ಮನೆಗಳ ಮಕ್ಕಳೇ ಹೆಚ್ಚು.

ಸಂತೆ ಬಂದ ಬಗೆ

ಮೊದಲ ಉಳವರ್ ಸಂತೆ ಶುರುವಾದದ್ದು ಮದುರೆಯಲ್ಲಿ, 1999ರ ನವೆಂಬರ್ 14ರಂದು. ಆಗ ಎಂ.ಕರುಣಾನಿಧಿ ಮುಖ್ಯಮಂತ್ರಿ. ಅದೇ ವರ್ಷ ಜನವರಿ 26ರಂದು ಪಕ್ಕದ ಆಂಧ್ರಪ್ರದೇಶದಲ್ಲಿ ಎನ್.ಚಂದ್ರಬಾಬು ನಾಯ್ಡು ಸರ್ಕಾರ ‘ರೈತು ಬಜಾರ್’ ತೆರೆದಿತ್ತು. ಎರಡರ ಆಶಯವೂ ಒಂದೇ. ಬೆಳೆದವನಿಗೆ ಸಿಗುವ ದರಕ್ಕೂ ಕೊಳ್ಳುವವನು ಕೊಡುವ ದರಕ್ಕೂ ನಡುವೆ ಬಿದ್ದಿರುವ ಕಂದಕವನ್ನು ಕಡಿಮೆ ಮಾಡುವುದು.

2001ರಲ್ಲಿ ಸರ್ಕಾರ ಬದಲಾದ ಮೇಲೆ ತಮಿಳುನಾಡಿನ ಅನೇಕ ಸಂತೆಗಳು ಸೊರಗಿದವು. 2006ರ ನಂತರ ಮತ್ತೆ ಜೀವ ಬಂತು. ಇಂದು ರಾಜ್ಯದಲ್ಲಿ 180ಕ್ಕೂ ಹೆಚ್ಚು ಉಳವರ್ ಸಂತೆಗಳಿವೆ. ಕನ್ನಡಿಗರು ಹೆಚ್ಚಾಗಿರುವ ಕಡೆಗಳಿಗೆ ಹತ್ತಿರವಾದ ಹೊಸೂರು, ಸತ್ಯಮಂಗಲ, ತಾಳವಾಡಿಗಳಲ್ಲೂ ಇವೆ. ಹೊಸೂರಿನ ಸಂತೆಗೆ ಸುತ್ತಲ ಹಳ್ಳಿಗಳಿಂದ ಬೆಳಗಿನ ಜಾವವೇ ಸೊಪ್ಪು, ಹುರುಳಿಕಾಯಿ, ಮೂಲಂಗಿ, ಟೊಮ್ಯಾಟೊ ಬಂದಿಳಿಯುತ್ತದೆ. ತಾಳವಾಡಿ ಕಡೆಯ ಬೆಳೆ ಎಂದರೆ ಕೋಸು, ಆಲೂಗೆಡ್ಡೆ, ಬೆಳ್ಳುಳ್ಳಿ, ಬಾಳೆ, ಅರಿಸಿನ.

ದರ ನಿಗದಿ ದಿನವೂ ನಡೆಯುತ್ತದೆ. ಸಗಟು ಮಾರುಕಟ್ಟೆಯ ದರಕ್ಕಿಂತ ಸುಮಾರು ಶೇ 20ರಷ್ಟು ಹೆಚ್ಚು, ಹೊರಗಿನ ಚಿಲ್ಲರೆ ಅಂಗಡಿಗಿಂತ ಸುಮಾರು ಶೇ 15ರಷ್ಟು ಕಡಿಮೆ ಎಂಬುದು ಯೋಜನೆಯ ಲೆಕ್ಕಾಚಾರ. ದರವನ್ನು ಹಲಗೆಯ ಮೇಲೆ ಬರೆದು ತೂಗುಹಾಕುತ್ತಾರೆ. ತೂಕದ ಯಂತ್ರವನ್ನು ಸಂತೆಯವರೇ ಕೊಡುತ್ತಾರೆ, ಮಾರಾಟ ಮುಗಿದ ಮೇಲೆ ವಾಪಸು ಕೊಟ್ಟರಾಯಿತು.

ಇದರಿಂದ ರೈತನಿಗೆ ಎಷ್ಟು ಉಳಿಯುತ್ತದೆ? ಬರೀ ಲೆಕ್ಕಕ್ಕಾಗಿ ನೋಡೋಣ. ಮಂಡಿಯಲ್ಲಿ ಟೊಮ್ಯಾಟೊ ಕಿಲೋಗೆ 20 ರೂಪಾಯಿ ಇದೆ ಎಂದುಕೊಳ್ಳಿ. ಸಂತೆಯಲ್ಲಿ 24 ಸಿಗುತ್ತದೆ. 100 ಕಿಲೋ ತಂದರೆ 400 ರೂಪಾಯಿ ಹೆಚ್ಚು. ಮಂಡಿಯಲ್ಲಿ ಮುರಿದುಕೊಳ್ಳುವ ಕಮಿಷನ್ ಮತ್ತು ಹಮಾಲಿಯೂ ಉಳಿಯಿತು. ವಾರಕ್ಕೆ ಮೂರು ದಿನ ಬಂದರೆ ತಿಂಗಳಿಗೆ ಐದು ಸಾವಿರ ದಾಟುತ್ತದೆ. ಎರಡು ಎಕರೆ ತರಕಾರಿ ಬೆಳೆಯುವ ಸಂಸಾರಕ್ಕೆ ಇದು ಮಕ್ಕಳ ಫೀಜು, ಮನೆ ರೇಷನ್ನು. ಆದ್ದರಿಂದಲೇ ಆ ಗುರುತಿನ ಚೀಟಿಗೆ ಬೆಲೆ.

ಕಾರ್ಡಿಗೆ ಏನೇನು ಬೇಕು?

ಸಂತೆಯ ಉಸ್ತುವಾರಿ ಕೃಷಿ ಮಾರಾಟ ಇಲಾಖೆಯದು. ಕಾರ್ಡು ಕೇಳಿದವರು ಮುಖ್ಯವಾಗಿ ಎರಡು ಕಾಗದ ತೋರಿಸಬೇಕು. ಒಂದು ಚಿಟ್ಟಾ, ಇನ್ನೊಂದು ಅಡಂಗಲ್. ಜತೆಗೆ ಆಧಾರ್, ರೇಷನ್ ಕಾರ್ಡು, ಭಾವಚಿತ್ರ.

ಕರ್ನಾಟಕದ ಪಹಣಿ ನೋಡಿ ಅಭ್ಯಾಸವಿರುವ ನೆಂಟರಿಗೆ ಇವೆರಡರ ವ್ಯತ್ಯಾಸ ಬೇಗ ತಿಳಿಯುವುದಿಲ್ಲ. ಪಹಣಿಯ ಒಂದೇ ಹಾಳೆಯಲ್ಲಿ 9ನೇ ಕಾಲಂ ಮಾಲೀಕನದು, 12ನೇ ಕಾಲಂ ಸಾಗುವಳಿದಾರನದು ಮತ್ತು ಬೆಳೆಯದು. ತಮಿಳುನಾಡಿನಲ್ಲಿ ಇವು ಬೇರೆಬೇರೆ. ಹೊಲ ಯಾರದು, ಸರ್ವೆ ನಂಬರ್ ಯಾವುದು, ವಿಸ್ತೀರ್ಣ ಎಷ್ಟು, ತರಿಯೋ ಖುಷ್ಕಿಯೋ ಎಂದು ಹೇಳುವುದು ಚಿಟ್ಟಾ. ಆ ಹೊಲದಲ್ಲಿ ಈ ವರ್ಷ ಏನು ಬೆಳೆದಿದೆ ಎಂದು ಹೇಳುವುದು ಅಡಂಗಲ್. ಅಡಂಗಲನ್ನು ಬರೆಯುವವರು ಗ್ರಾಮ ಆಡಳಿತಾಧಿಕಾರಿ, ಊರವರ ಬಾಯಲ್ಲಿ ವಿಎಒ. ಲೆಕ್ಕ ಜುಲೈ 1ರಿಂದ ಜೂನ್ 30ರವರೆಗಿನ ಫಸಲಿ ವರ್ಷದ್ದು. ಹೋದ ವರ್ಷದ ಅಡಂಗಲ್ ಹಿಡಿದು ಹೋದರೆ ಈ ವರ್ಷದ ಬೆಳೆಗೆ ಅದು ಸಾಕ್ಷಿಯಾಗದು.

ಕಾಗದ ನೋಡಿದ ಮೇಲೆ ಹೊಲವನ್ನೂ ನೋಡುವುದು ಕ್ರಮ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಬಂದು ಬೆಳೆ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಕಾರ್ಡು. ಕಾರ್ಡು ಇದ್ದವರಿಗೆ ಆಯಾ ದಿನ ಬೆಳಿಗ್ಗೆ ಕಟ್ಟೆ ಹಂಚಿಕೆಯಾಗುತ್ತದೆ. ಇಂತಹ ಕಟ್ಟೆ ತನ್ನದೇ ಎಂದು ಯಾರೂ ಕಾಯಂ ಹಿಡಿದುಕೊಳ್ಳುವ ಹಾಗಿಲ್ಲ.

ಇಷ್ಟು ಬಿಗಿ ಯಾಕೆ ಎಂದರೆ ಕಾರಣವಿದೆ. ಸಗಟು ಮಂಡಿಯಲ್ಲಿ ಕೊಂಡ ಮಾಲನ್ನು ಇಲ್ಲಿ ತಂದು ‘ನಮ್ಮ ಹೊಲದ್ದು’ ಎಂದು ಮಾರುವ ವ್ಯಾಪಾರಿಗಳ ಕಾಟ ರಾಜ್ಯದ ಎಲ್ಲ ಕಡೆ ಇರುವ ಹಳೆಯ ದೂರು. ಯಾರದೋ ಕಾರ್ಡಿನಲ್ಲಿ ಇನ್ಯಾರೋ ಕೂರುವುದು, ರಾಗಿ ಹೊಲದ ಚಿಟ್ಟಾ ತೋರಿಸಿ ಊಟಿ ಕ್ಯಾರೆಟ್ ಮಾರುವುದು, ಹೀಗೆ. ಚಿಟ್ಟಾ ಒಂದೇ ನೋಡಿದರೆ ಇದು ಸಿಗುವುದಿಲ್ಲ. ಅಡಂಗಲ್ ಮತ್ತು ಹೊಲದ ತಪಾಸಣೆ ಸರಿಯಾಗಿ ನಡೆದರೆ ಸಿಗುತ್ತದೆ. ದಲ್ಲಾಳಿಯನ್ನು ಹಿಡಿಯುವ ಬಲೆ ಇರುವುದು ಅಲ್ಲಿ. ಆದರೆ ಸಾಚಾ ರೈತ ಸಿಕ್ಕಿಬೀಳುವುದು ಚಿಟ್ಟಾದಲ್ಲಿ.

ತಾತನ ಹೆಸರು ಅಳಿಯದ ಚಿಟ್ಟಾ

‘ನಮ್ಮಪ್ಪನ ಕಾಲದಿಂದ್ಲೂ ನಾವೇ ಉಳ್ತಾ ಇದೀವಿ, ಊರ್ಗೇ ಗೊತ್ತು’ ಎನ್ನುವ ಮಾತಿಗೆ ಹಳ್ಳಿಯಲ್ಲಿ ಎರಡು ಮಾತಿಲ್ಲ. ಕಚೇರಿಯಲ್ಲಿ ಅದು ನಡೆಯುವುದಿಲ್ಲ. ತಾತ ತೀರಿಕೊಂಡು ಮೂವತ್ತು ವರ್ಷವಾಗಿರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡು, ಬದು ಹಾಕಿಕೊಂಡು, ಅವರವರ ಬಾವಿ ಅವರವರು ತೋಡಿಕೊಂಡು ಉಳುತ್ತಿರುತ್ತಾರೆ. ದಾಖಲೆಯಲ್ಲಿ ಮಾತ್ರ ತಾತನೇ ಇನ್ನೂ ರೈತ.

ಇದಕ್ಕೆ ಹಳೆಯ ಕಾರಣಗಳೂ ಇವೆ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆ ಆದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಹೊಸೂರು ಸೀಮೆಯೂ ಅಲ್ಲೇ ಉಳಿಯಿತು. ಗೆರೆ ಬಿದ್ದದ್ದು ನಕ್ಷೆಯ ಮೇಲೆ. ಮನೆಗಳು ಎರಡೂ ಕಡೆ ಹರಡಿಕೊಂಡವು. 1980ರಲ್ಲಿ ತಮಿಳುನಾಡಿನಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ಹೋಗಿ ವಿಎಒ ವ್ಯವಸ್ಥೆ ಬಂತು. ಮನೆಮನೆಯ ಪಾಲು-ಪಟ್ಟಿ ಬಾಯಲ್ಲೇ ಹೇಳುತ್ತಿದ್ದ ಹಳೆಯ ಕರಣಿಕರ ಬದಲು ವರ್ಗವಾಗಿ ಬಂದುಹೋಗುವ ನೌಕರರು ಬಂದರು. ಅದೇ ಕಾಲಕ್ಕೆ ನಡೆದ ‘ಯುಡಿಆರ್’ ಎಂಬ ದಾಖಲೆ ಪರಿಷ್ಕರಣೆಯಲ್ಲಿ ಆದ ಹೆಸರಿನ, ಸರ್ವೆ ನಂಬರಿನ ತಪ್ಪುಗಳನ್ನು ತಿದ್ದಿಸಲು ಇಂದಿಗೂ ಜನ ತಾಲ್ಲೂಕು ಕಚೇರಿಗೆ ಅಲೆಯುತ್ತಾರೆ.

ಈಗ ಪಟ್ಟಾ ಬದಲಾಯಿಸಲು ಹೊರಟರೆ ಮೊದಲು ಮರಣ ಪ್ರಮಾಣಪತ್ರ. ಆಮೇಲೆ ತಾಸಿಲ್ದಾರರಿಂದ ವಾರಸುದಾರರ ಪ್ರಮಾಣಪತ್ರ. ಅದರಲ್ಲಿ ಎಲ್ಲ ವಾರಸುದಾರರೂ ಬರಬೇಕು. ದೊಡ್ಡತ್ತೆ ಚಾಮರಾಜನಗರದಲ್ಲಿ, ಚಿಕ್ಕತ್ತೆ ಆನೇಕಲ್ಲಿನಲ್ಲಿ, ಚಿಕ್ಕಪ್ಪನ ಮಗ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ. ಎಲ್ಲರ ದಾಖಲೆ ಒಟ್ಟು ಮಾಡುವುದು, ಸಹಿಗೆ ಕರೆಸುವುದು ಒಂದು ಮದುವೆ ಮಾಡಿದಷ್ಟೇ ಕೆಲಸ! ಬೇರೆಬೇರೆ ಪಾಲು ಬೇಕೆಂದರೆ ಪಾಲುಪತ್ರ ನೋಂದಣಿ ಆಗಬೇಕು, ಸರ್ವೆಯರ್ ಬಂದು ಅಳೆದು ಹಿಸ್ಸಾ ಮಾಡಬೇಕು. ಅಷ್ಟರೊಳಗೆ ಎರಡು ಬೆಳೆ ಕೈಗೆ ಬಂದು, ಮಂಡಿಗೆ ಹೋಗಿ, ಮುಗಿದಿರುತ್ತದೆ.

ಚಿಟ್ಟಾ ಹೆಸರಿಗೆ ಬಾರದಿದ್ದರೆ ಹೋಗುವುದು ಸಂತೆಯ ಕಟ್ಟೆ ಮಾತ್ರ ಅಲ್ಲ. 2019ರಲ್ಲಿ ಶುರುವಾದ ಪಿಎಂ-ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಬರುವುದೂ ಜಮೀನು ಹೆಸರಿನಲ್ಲಿ ಇದ್ದವರಿಗೇ. 2025ರಲ್ಲಿ ರೈತರಿಗೆ ವಿಶಿಷ್ಟ ಗುರುತಿನ ಸಂಖ್ಯೆ ಕೊಡಲು ಹಳ್ಳಿಗಳಲ್ಲಿ ಶಿಬಿರ ನಡೆಸಿದಾಗಲೂ ಆಧಾರ್ ಜತೆ ಜೋಡಿಸಿದ್ದು ಜಮೀನಿನ ದಾಖಲೆಯನ್ನೇ. ಒಂದು ಕಾಗದದ ಗಂಟು ಬಿಚ್ಚದಿದ್ದರೆ ಮುಂದಿನ ಗಂಟುಗಳೆಲ್ಲ ಬಿಗಿಯುತ್ತಲೇ ಹೋಗುತ್ತವೆ.

ಬಸಪ್ಪ ಹೋಗಿ ಪಸಪ್ಪಾ ಆದರೆ?

ಗಡಿಯ ಕನ್ನಡಿಗರಿಗೆ ಮಾತ್ರ ಇರುವ ತೊಡಕು ಇನ್ನೊಂದಿದೆ. ಅದು ಲಿಪಿಯದು. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಕ, ಗಕ್ಕೂ ಒಂದೇ. ತ, ದಕ್ಕೂ ಒಂದೇ. ಮಹಾಪ್ರಾಣ ಇಲ್ಲವೇ ಇಲ್ಲ. ಕನ್ನಡದ ಬಸಪ್ಪ ತಮಿಳು ಚಿಟ್ಟಾದಲ್ಲಿ ಸರಿಯಾಗಿಯೇ ಬರೆದಿದ್ದರೂ, ಅದನ್ನು ಓದಿ ಇಂಗ್ಲಿಷಿಗೆ ಇಳಿಸುವವರಿಗೆ ‘ಪಸಪ್ಪಾ’ ಆಗಬಹುದು. ಗಂಗಮ್ಮ ‘ಕಂಕಮ್ಮಾ’, ದೊಡ್ಡಯ್ಯ ‘ತೊಟ್ಟಯ್ಯಾ’, ಭದ್ರಮ್ಮ ‘ಪತ್ರಮ್ಮಾ’. ಬರೆದವರ ತಪ್ಪೂ ಅಲ್ಲ, ಓದಿದವರ ತಪ್ಪೂ ಅಲ್ಲ. ಎರಡು ಲಿಪಿಗಳ ನಡುವೆ ಹೆಸರು ನಡೆದುಹೋಗುವಾಗ ಆಗುವ ಸವಕಲು.

ಹಿಂದೆ ಇದು ನಗುವ ಮಾತಾಗಿತ್ತು. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಹೊಂದಬೇಕು. ಆಧಾರಿನ ಹೆಸರು, ಚಿಟ್ಟಾದ ಹೆಸರು, ಬ್ಯಾಂಕಿನ ಹೆಸರು ಒಂದಕ್ಕೊಂದು ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಅಲ್ಲೇ ಆಧಾರ್ ಮಾಡಿಸಿದವರದು ಇನ್ನೂ ಫಜೀತಿ. ಕಾರ್ಡಿನ ಮೇಲೆ ಕನ್ನಡ, ವಿಳಾಸ ಕರ್ನಾಟಕದ್ದು, ಇನಿಷಿಯಲ್ ಹೆಸರಿನ ಹಿಂದೆ. ಚಿಟ್ಟಾದಲ್ಲಿ ತಮಿಳು, ತಂದೆಯ ಹೆಸರು ಮುಂದೆ.

ಹಳೆಯ ತಲೆಮಾರಿನ ಎಷ್ಟೋ ಮಂದಿ ಕನ್ನಡ ಶಾಲೆಯಲ್ಲಿ ಓದಿದವರು, ತಮಿಳು ಮಾತಾಡಬಲ್ಲರು, ಓದಲಾರರು. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಶಾಲೆಗೆ ಸೇರಿದ ಮಕ್ಕಳಿಗೆ ತಮಿಳು ಓದಲು ಬರುತ್ತದೆ. ಇಂದು ಅನೇಕ ಮನೆಗಳಲ್ಲಿ ಚಿಟ್ಟಾವನ್ನು ತಾತನಿಗೆ ಓದಿ ಹೇಳುವವರು ಮೊಮ್ಮಕ್ಕಳು. ಆ ಮಕ್ಕಳ ಕೈಗೆ ಮನೆಯ ಕಾಗದಗಳನ್ನೆಲ್ಲ ಒಮ್ಮೆ ಕೊಟ್ಟು, ಹೆಸರು ಎಲ್ಲೆಲ್ಲಿ ಹೇಗೆ ಹೇಗಿದೆ ಎಂದು ಒಂದು ಹಾಳೆಯಲ್ಲಿ ಬರೆಸಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಕೂರುವವಳು ಅಮ್ಮ, ಕಾರ್ಡು ಅಪ್ಪನದು

ಸೊಪ್ಪು ಕೊಯ್ಯುವವರು, ಕಟ್ಟು ಕಟ್ಟುವವರು, ಬೆಳಗಿನ ಜಾವದ ಬಸ್ಸಿಗೆ ಮಂಕರಿ ಹೊರುವವರು, ಗಿರಾಕಿ ಜತೆ ಚೌಕಾಸಿ ಮಾಡುವವರು, ಎಲ್ಲದರಲ್ಲೂ ಹೆಂಗಸರೇ ಮುಂದು. ಆದರೆ ಚಿಟ್ಟಾದಲ್ಲಿ ಹೆಣ್ಣಿನ ಹೆಸರು ಇರುವ ಮನೆ ಕಡಿಮೆ. ಗಂಡನ ಹೆಸರಿನ ಕಾರ್ಡಿನಲ್ಲಿ ಹೆಂಡತಿ ಕೂರುವುದು ನಡೆದುಕೊಂಡು ಹೋಗುತ್ತದೆ. ಗಂಡ ತೀರಿಕೊಂಡು, ಚಿಟ್ಟಾ ಮಾವನ ಹೆಸರಿನಲ್ಲಿದ್ದು, ಭಾವ-ಮೈದುನರು ಸಹಿ ಹಾಕಲು ಮನಸ್ಸು ಮಾಡದಿದ್ದರೆ ಆಗ ಅವಳ ಪಾಡೇನು? ಇಪ್ಪತ್ತು ವರ್ಷ ಉತ್ತ ಹೊಲವೇ ಇದ್ದರೂ ಕಾಗದದ ಪ್ರಕಾರ ಅವಳು ರೈತಳಲ್ಲ.

ಕಾನೂನು ಅವಳ ಕಡೆಗಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಗಂಡನ ಪಾಲಿಗೆ ಹೆಂಡತಿ ಮೊದಲ ಸಾಲಿನ ವಾರಸುದಾರಳು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದು ತಮಿಳುನಾಡು 1989ರಲ್ಲೇ ತಿದ್ದುಪಡಿ ತಂದಿತು. ಕರ್ನಾಟಕದಲ್ಲಿ ಅದು 1994ರಲ್ಲಿ ಬಂತು. 2005ರಲ್ಲಿ ದೇಶಕ್ಕೆಲ್ಲ ಅನ್ವಯವಾಗುವಂತೆ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಯಿತು. 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ಹಾಗಾಗಿ ವಾರಸುದಾರರ ಪಟ್ಟಿಯಲ್ಲಿ ಗಡಿಯಾಚೆ ಕೊಟ್ಟ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವುದು ಮುಂದೆ ಕೋರ್ಟಿನ ದಾರಿ ತೋರಿಸುತ್ತದೆ. ಎಲ್ಲರನ್ನೂ ಬರೆಸಿ, ಬೇಡವೆನ್ನುವವರಿಂದ ಹಕ್ಕುಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಳ್ಳುವುದೇ ಸರಿಯಾದ ದಾರಿ.

ತಾಳವಾಡಿ, ಆಸನೂರು ಬೆಟ್ಟದ ಸೋಲಿಗರು, ಊರಾಳಿಗಳದು ಇನ್ನೊಂದು ಬಗೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೊಡುವ ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಉಳಿದವರ ಚಿಟ್ಟಾಗಳಿಗೆ ಇಲ್ಲದ ಈ ಒಳ್ಳೆಯ ಗುಣ ಕಾಡಿನ ಹಕ್ಕುಪತ್ರಕ್ಕಿದೆ.

ಗುತ್ತಿಗೆಗೆ ಉಳುವವರ ಗತಿ

ಎಲ್ಲಕ್ಕಿಂತ ಕಷ್ಟ ಗುತ್ತಿಗೆದಾರರದು. ವಾರಕ್ಕೋ, ವರ್ಷದ ಗುತ್ತಿಗೆಗೋ ಹೊಲ ಹಿಡಿದು ತರಕಾರಿ ಬೆಳೆಯುವವರಿಗೆ ಬಾಯಿಮಾತೇ ಕರಾರು. ಹೊಸೂರು ಸುತ್ತಮುತ್ತ ಕಾರ್ಖಾನೆ, ಲೇಔಟು ಬಂದ ಮೇಲೆ ಜಮೀನಿನ ಬೆಲೆ ಏರಿ, ಮಾಲೀಕರು ಕಾಗದ ಬರೆದುಕೊಡಲು ಹೆದರುತ್ತಾರೆ. ‘ಉಳ್ಕೋ, ಆದ್ರೆ ಬರ್ದು ಕೊಡು ಅನ್ಬೇಡ’ ಎನ್ನುವುದು ಮಾಮೂಲಿ ಷರತ್ತು.

ಗಡಿಯಾಚೆಯ ನೆಂಟರಿಗೆ ಇದು ವಿಚಿತ್ರ ಎನಿಸಬಹುದು. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯಿಂದ ಗೇಣಿದಾರರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಮಾಲೀಕರಾದರು. ಕೇರಳದಲ್ಲಿ, ಅಂದರೆ ಕಾಸರಗೋಡಿನಲ್ಲೂ, 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. ತಮಿಳುನಾಡು ಹಿಡಿದ ದಾರಿ ಬೇರೆ. 1955ರ ಕಾಯ್ದೆ ಗೇಣಿದಾರನನ್ನು ಮನಬಂದಂತೆ ಎಬ್ಬಿಸದಂತೆ ರಕ್ಷಣೆ ಕೊಟ್ಟಿತು. 1969ರ ಗೇಣಿ ಹಕ್ಕು ದಾಖಲೆ ಕಾಯ್ದೆ ಗೇಣಿದಾರರ ಹೆಸರನ್ನು ಸರ್ಕಾರಿ ಪಟ್ಟಿಯಲ್ಲಿ ಬರೆಸಲು ಅವಕಾಶ ಕೊಟ್ಟಿತು. ಆ ಅವಕಾಶ ಇಂದಿಗೂ ಇದೆ. ಆದರೆ ಮಾಲೀಕನನ್ನು ಎದುರು ಹಾಕಿಕೊಂಡು ಅರ್ಜಿ ಹಾಕುವ ಧೈರ್ಯ ಒಂದು ವರ್ಷದ ಗುತ್ತಿಗೆಯವನಿಗೆ ಎಲ್ಲಿಂದ ಬರಬೇಕು?

ಆಂಧ್ರಪ್ರದೇಶ ಇದಕ್ಕೆ ಒಂದು ನಡುದಾರಿ ಹುಡುಕಿತು. 2011ರ ಕಾಯ್ದೆಯಲ್ಲಿ ಗುತ್ತಿಗೆ ರೈತರಿಗೆ ಸಾಲದ ಅರ್ಹತಾ ಚೀಟಿ ಕೊಟ್ಟರು. 2019ರಲ್ಲಿ ಅದರ ಬದಲು ‘ಬೆಳೆ ಸಾಗುವಳಿದಾರರ ಹಕ್ಕು’ ಕಾಯ್ದೆ ತಂದು, 11 ತಿಂಗಳ ಚೀಟಿ ಕೊಡುವ ಏರ್ಪಾಡಾಯಿತು. ಚೀಟಿಯ ಮಾತು ಬೆಳೆಯ ಬಗ್ಗೆ ಮಾತ್ರ, ಜಮೀನಿನ ಒಡೆತನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಮಾಲೀಕರಿಗೆ ಭರವಸೆ ಕೊಡಲಾಯಿತು. ಆದರೂ ಮಾಲೀಕರ ಸಹಿ ಬೇಕೆಂಬ ಷರತ್ತು ಅಲ್ಲೂ ಮುಳ್ಳಾಗಿಯೇ ಕುಳಿತಿತು. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ನಮ್ಮವರಿಗೆ ಇದರ ಅನುಭವ ಇದ್ದೇ ಇದೆ. ‘ಯಾರ ಹೊಲ’ ಎಂಬ ಪ್ರಶ್ನೆಯನ್ನೂ ‘ಯಾರ ಬೆಳೆ’ ಎಂಬ ಪ್ರಶ್ನೆಯನ್ನೂ ಬೇರೆ ಮಾಡಿ ನೋಡುವುದು ಸಾಧ್ಯ ಎಂಬುದನ್ನಾದರೂ ಆ ಚೀಟಿ ತೋರಿಸಿತು.

ಪುರಂಬೋಕು ಜಾಗ ಉಳುವವರಿಗೆ ಪಟ್ಟಾನೇ ಇಲ್ಲ. ಅವರ ಕೈಯಲ್ಲಿರುವುದು ಒತ್ತುವರಿಗೆ ದಂಡ ಕಟ್ಟಿದ ಬಿ-ಮೆಮೊ. ಅದು ಒತ್ತುವರಿಗೆ ಸಾಕ್ಷಿಯೇ ಹೊರತು ರೈತ ಎನ್ನುವುದಕ್ಕೆ ಅಲ್ಲ.

ಹೊಲ ಆಚೆ, ಮನೆ ಈಚೆ

ಗಡಿ ಊರುಗಳಲ್ಲಿ ಮನೆ ಒಂದು ರಾಜ್ಯದಲ್ಲಿ, ಹೊಲ ಇನ್ನೊಂದರಲ್ಲಿ ಇರುವುದು ಹೊಸತಲ್ಲ. ಉಳವರ್ ಸಂತೆಯ ಕಾರ್ಡು ಸ್ಥಳೀಯ ಅಧಿಕಾರಿಗಳು ಪರಿಶೀಲಿಸಬಹುದಾದ ಜಮೀನಿನ ಮೇಲೆ ನಿಂತಿದೆ. ಕರ್ನಾಟಕದ ಪಹಣಿ ಹಿಡಿದು ಬಂದರೆ ಇಲ್ಲಿನ ವಿಎಒ ಅದರ ಬಗ್ಗೆ ಹೇಳಲು ಏನೂ ಇಲ್ಲ.

ಅಂತಹವರು ಹಾಗೂ ಕಾರ್ಡು ಸಿಗದವರು ನಡೆಯುವುದು ಎಪಿಎಂಸಿ ಮಂಡಿಯ ದಾರಿ. ತಾಳವಾಡಿಯಿಂದ ಸತ್ಯಮಂಗಲಕ್ಕೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಚಾಮರಾಜನಗರ ಅದಕ್ಕಿಂತ ಹತ್ತಿರ. ಕರ್ನಾಟಕದ ಎಪಿಎಂಸಿಯಲ್ಲಿ ಲೈಸೆನ್ಸು ಇರಬೇಕಾದದ್ದು ವ್ಯಾಪಾರಿಗೆ ಮತ್ತು ಕಮಿಷನ್ ಏಜೆಂಟನಿಗೆ. ಬೆಳೆ ತಂದು ಹಾಕುವ ರೈತನನ್ನು ನೀನು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳದಿರುವುದಕ್ಕೆ ಬೆಲೆಯೂ ಇದೆ. ಹರಾಜಿನ ದರವೇ ದರ. ಅಂದರೆ ಗುರುತು ಕೇಳದ ಕಡೆ ದರ ಕಡಿಮೆ, ದರ ಇರುವ ಕಡೆ ಗುರುತು ಬೇಕು.

ಬೀದಿ ಬದಿಯವರಿಗೂ ಗುರುತು ಬೇಕು

ಕಾರ್ಡು ಇಲ್ಲದೆ ಸಂತೆಯ ಗೇಟಿನ ಹೊರಗೆ, ಬಸ್ ಸ್ಟ್ಯಾಂಡ್ ಪಕ್ಕ ಕೂರುವವರಿಗೆ ಬೇರೆ ಕಾನೂನು ಇದೆ. ಅದು 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಪಟ್ಟಣದ ಆಡಳಿತ ಐದು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಬೇಕು, ಸಮೀಕ್ಷೆಯಲ್ಲಿ ಸಿಕ್ಕವರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡಬೇಕು, ಅದು ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಆ ಕಾಯ್ದೆ ಹೇಳುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಇಲ್ಲಿ ಚಿಟ್ಟಾ ಕೇಳುವುದಿಲ್ಲ. ಆದರೆ ಬೇರೆ ಜೀವನೋಪಾಯ ಇಲ್ಲ, ತಾನು ಅಥವಾ ಮನೆಯವರೇ ವ್ಯಾಪಾರ ಮಾಡುತ್ತೇವೆ ಎಂದು ಬರೆದುಕೊಡಬೇಕು. ವಾರಕ್ಕೆ ಎರಡು ದಿನ ಹಳ್ಳಿಯಿಂದ ಬರುವ ರೈತ ಸಮೀಕ್ಷೆಯ ದಿನ ಅಲ್ಲಿರಲಿಲ್ಲವೆಂದರೆ ಪಟ್ಟಿಯಲ್ಲೂ ಇಲ್ಲ.

2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲಕ್ಕೂ ಈ ಪ್ರಮಾಣಪತ್ರವೋ, ಪಟ್ಟಣ ಆಡಳಿತದ ಶಿಫಾರಸು ಪತ್ರವೋ ಬೇಕು. 2025ರ ಆಗಸ್ಟ್‌ನಲ್ಲಿ ಮೊದಲ ಕಂತನ್ನು 10,000ದಿಂದ 15,000 ರೂಪಾಯಿಗೆ ಏರಿಸಿ, ಯೋಜನೆಯನ್ನು 2030ರ ಮಾರ್ಚ್ 31ರವರೆಗೆ ಮುಂದುವರಿಸಲು ಕೇಂದ್ರ ಸಂಪುಟ ಒಪ್ಪಿತು.

ಈಗಲೇ ಮಾಡಬಹುದಾದದ್ದು

ಕನ್ನಡದಲ್ಲೇ ಅರ್ಜಿ ಕೊಡಬಹುದೇ ಎಂದು ಕೇಳುವವರಿದ್ದಾರೆ. ಕೊಡಬಹುದು. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಕನ್ನಡದ ಅರ್ಜಿಗೆ ತಮಿಳಿನ ಒಂದು ಪ್ರತಿ ಲಗತ್ತಿಸಿದರೆ ಕೆಲಸ ಬೇಗ ಆಗುತ್ತದೆ, ಅಷ್ಟೇ. ಸ್ವೀಕೃತಿ ಚೀಟಿ ಪಡೆಯದೆ ಮಾತ್ರ ಬರಬೇಡಿ.

* ಮೊದಲು ಚಿಟ್ಟಾ ಯಾರ ಹೆಸರಿನಲ್ಲಿದೆ ನೋಡಿ. ತಮಿಳುನಾಡು ಸರ್ಕಾರದ ಇ-ಸೇವೆಯಲ್ಲಿ ಸರ್ವೆ ನಂಬರ್ ಹಾಕಿದರೆ ಸಿಗುತ್ತದೆ. ಹತ್ತಿರದ ಇ-ಸೇವೈ ಕೇಂದ್ರದಲ್ಲೂ ತೆಗೆಸಬಹುದು.

* ಪಟ್ಟಾದಾರರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರ ಮಾಡಿಸಿ. ಪಾಲಿಗೆ ಒಪ್ಪಿಗೆ ಆಗುವ ತನಕ ಕಾಯಬೇಡಿ. ಎಲ್ಲರ ಹೆಸರೂ ಇರುವ ಕೂಟುಪಟ್ಟಾ ಮೊದಲು ಆಗಲಿ. ಅದಕ್ಕೆ ಹೊಲ ಅಳೆಯಬೇಕಿಲ್ಲ. ಹಿಸ್ಸಾ ಆಮೇಲೆ ನೋಡಿಕೊಳ್ಳಬಹುದು.

* ಹೆಸರು ತಾಳೆಯಾಗದಿದ್ದರೆ ಚಿಟ್ಟಾದ ತಪ್ಪು ತಿದ್ದಿಸಲು ತಾಸಿಲ್ದಾರ್ ಕಚೇರಿ, ಆಧಾರ್ ತಿದ್ದಿಸಲು ಆಧಾರ್ ಕೇಂದ್ರ. ಯಾವುದರಲ್ಲಿ ತಪ್ಪಿದೆ ಎಂದು ಮೊದಲು ಗೊತ್ತುಮಾಡಿಕೊಂಡು ಅದನ್ನೇ ತಿದ್ದಿಸಿ. ಎರಡನ್ನೂ ಮುಟ್ಟಿದರೆ ಮೂರನೆಯ ಹೆಸರು ಹುಟ್ಟಿಕೊಳ್ಳುತ್ತದೆ.

* ಬಿತ್ತನೆಯಾದ ಕೂಡಲೇ ವಿಎಒಗೆ ಹೇಳಿ ಅಡಂಗಲ್ ಬರೆಸಿ. ತರಕಾರಿ ಎಂದು ಸುಮ್ಮನೆ ಬರೆಸದೆ ಟೊಮ್ಯಾಟೊ, ಕೋಸು, ಸೊಪ್ಪು ಎಂದು ಬೆಳೆಯ ಹೆಸರು ಬರೆಸಿ. ಸಂತೆಗೆ ತರುವ ಮಾಲು ಅದಕ್ಕೆ ಹೊಂದಬೇಕು.

* ಅರ್ಜಿಯಲ್ಲಿ ಸಂತೆಗೆ ನಿಜವಾಗಿ ಬಂದು ಕೂರುವವರು ಯಾರು ಎಂದು ತಿಳಿಸಿ, ಹೆಂಡತಿ-ಮಕ್ಕಳ ವಿವರ ಸೇರಿಸಲು ಕೇಳಿ.

* ಕಾರ್ಡನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ. ಸಿಕ್ಕಿಬಿದ್ದರೆ ಕಾರ್ಡೂ ಹೋಗುತ್ತದೆ, ಊರಿನ ಉಳಿದವರ ಮೇಲೂ ಅನುಮಾನ ಬೀಳುತ್ತದೆ.

ಪ್ರತಿವರ್ಷ ಫಸಲಿ ಮುಗಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೇ-ಜೂನ್‌ನಲ್ಲಿ, ತಾಲ್ಲೂಕು ಕಚೇರಿಗಳಲ್ಲಿ ಜಮಾಬಂದಿ ನಡೆಯುತ್ತದೆ. ಹಿರಿಯ ಅಧಿಕಾರಿಗಳ ಮುಂದೆ ಹಳ್ಳಿವಾರು ಲೆಕ್ಕ ತೆರೆದಿಡುವ ದಿನಗಳವು. ಪಟ್ಟಾ ಅರ್ಜಿಗಳನ್ನು ಅಲ್ಲಿ ನೇರವಾಗಿ ಕೊಡಬಹುದು. ನಿಮ್ಮ ಹಳ್ಳಿಯ ದಿನ ಯಾವುದು ಎಂದು ವಿಎಒ ಬಳಿ ಮೊದಲೇ ಕೇಳಿಕೊಂಡು, ಅಕ್ಕಪಕ್ಕದ ನಾಲ್ಕು ಮನೆಯವರು ಒಟ್ಟಿಗೆ ಹೋದರೆ ಒಳ್ಳೆಯದು.

ಸರ್ಕಾರ ಮಾಡಬೇಕಾದದ್ದೂ ದೊಡ್ಡದೇನಲ್ಲ. ಹೊಲಕ್ಕೆ ಬಂದು ಬೆಳೆ ನೋಡುವ ಅಧಿಕಾರಿ, ಅದನ್ನು ಬೆಳೆದವರು ಯಾರೆಂದು ಅಲ್ಲೇ ನಾಲ್ಕು ಜನರ ಮುಂದೆ ಕೇಳಿ ಬರೆದುಕೊಳ್ಳಬಹುದು. ಆ ಬರಹದ ಮೇಲೆ ಒಂದು ಬೆಳೆಯ ಮಟ್ಟಿಗೆ, ಆರು ತಿಂಗಳಿಗೋ ಒಂದು ವರ್ಷಕ್ಕೋ ತಾತ್ಕಾಲಿಕ ಕಾರ್ಡು ಕೊಟ್ಟರೆ ಚಿಟ್ಟಾ ಹೆಸರಿಗೆ ಬರುವ ತನಕ ಸಂತೆಯ ಕಟ್ಟೆ ಕೈತಪ್ಪುವುದಿಲ್ಲ. ಜಮೀನಿನ ಒಡೆತನಕ್ಕೆ ಇದರಿಂದ ಧಕ್ಕೆಯೂ ಇಲ್ಲ. ಮಂಡಿ ಮಾಲು ತಂದು ಕೂರುವವನು ಇದರಲ್ಲಿ ನುಸುಳಲಾರ, ಏಕೆಂದರೆ ಅವನಿಗೆ ತೋರಿಸಲು ಹೊಲವೇ ಇರುವುದಿಲ್ಲ.